ಛತ್ರದ ಜನರೇಟರ್‌ಗೆ ಎಥನಾಲ್ ಬೆರೆಸಿದೆವು: ಒಂದು ಪ್ರಕರಣ ಅಧ್ಯಯನ

ಇದು ಕಬ್ಬು ಬೆಳೆಯುವ ಸೀಮೆಯ ಒಂದು ಊರಿನಲ್ಲಿ ನಡೆದದ್ದು. ಊರು, ಛತ್ರ, ಕಾಲೇಜು ಯಾವುದರ ಹೆಸರನ್ನೂ ಹೇಳುವುದಿಲ್ಲ. ಜನರೇಟರ್ ಕಂಪನಿಯ ಹೆಸರೂ ಬೇಡ, ಯಾಕಂದ್ರೆ ಇದರಲ್ಲಿ ಅವರ ತಪ್ಪೇನೂ ಇಲ್ಲ. ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ, ಎಂಜಿನ್ ಲ್ಯಾಬ್ ನನ್ನ ಜವಾಬ್ದಾರಿ. ಡೀಸೆಲ್‌ಗೆ ಎಥನಾಲ್‌ನಂಥ ಆಲ್ಕೋಹಾಲ್ ಬೆರೆಸಿ ಹೊಗೆ ಇಳಿಸುವ ಪ್ರಾಜೆಕ್ಟ್ ನಮ್ಮ ಕಾಲೇಜುಗಳಲ್ಲಿ ಹೊಸದೇನಲ್ಲ. ಗ್ರಾಫ್ ಚೆನ್ನಾಗಿ ಬರುತ್ತದೆ, ವೈವಾ ಮುಗಿಯುತ್ತದೆ, ರಿಪೋರ್ಟ್ ಬೀರು ಸೇರುತ್ತದೆ. ನಾವು ಅಲ್ಲಿಗೆ ನಿಲ್ಲಿಸದೆ ಜನ ದಿನಾ ಬಳಸುವ ಒಂದು ಜನರೇಟರ್‌ಗೇ ಅದನ್ನು ಹಾಕಿದೆವು. ಆಮೇಲೆ ಏನಾಯಿತು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಛತ್ರ ಊರಿನ ನಡುವೆಯೇ ಇದೆ. ಹಿಂಭಾಗದಲ್ಲಿ ಜನರೇಟರ್ ಕೋಣೆ, ಅದಕ್ಕೆ ಅಂಟಿಕೊಂಡು ಅಡುಗೆಮನೆ, ಕಾಂಪೌಂಡ್ ಆಚೆ ಮನೆಗಳು. ಜನರೇಟರ್ 62.5 ಕೆವಿಎ. ತಗೊಂಡಾಗ ಇಡೀ ಛತ್ರಕ್ಕೆ ಎಸಿ ಹಾಕಿಸುವ ಯೋಚನೆ ಯಜಮಾನರಿಗೆ ಇತ್ತಂತೆ. ಎಸಿ ಬರಲೇ ಇಲ್ಲ. ಹಾಗಾಗಿ ಅಷ್ಟು ದೊಡ್ಡ ಸೆಟ್ ವರ್ಷಗಟ್ಟಲೆ ಎಳೆದದ್ದು ಫ್ಯಾನು, ಲೈಟು, ಮೈಕು, ಒಂದು ಗ್ರೈಂಡರ್ ಇಷ್ಟನ್ನೇ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ಮೊದಲೇ ನೆನಪಿಟ್ಟುಕೊಂಡಿದ್ದರೆ ಈ ಪ್ರಕರಣ ಅರ್ಧದಲ್ಲೇ ಮುಗಿಯುತ್ತಿತ್ತು.

ತೊಂದರೆ ಹೊಗೆಯದ್ದು. ಕರೆಂಟ್ ಹೋಗಿ ಜನರೇಟರ್ ಶುರುವಾದರೆ ಕಪ್ಪು ಮೋಡದಂತೆ ಎದ್ದು ಪಕ್ಕದ ಮನೆಗಳ ಮಹಡಿ ಮೇಲೆ ಕೂರುತ್ತಿತ್ತು. ಒಣಗಲು ಹಾಕಿದ ಬಿಳಿ ಪಂಚೆಯ ಮೇಲೆ ಮಸಿಯ ಚುಕ್ಕೆ. ಒಬ್ಬರ ಮನೆಯಲ್ಲಿ ಉಬ್ಬಸ ಇರುವ ಮಗು ಇತ್ತು. ಮದುವೆ ಇದ್ದ ದಿನ ಅವರು ಕಿಟಕಿ ತೆಗೆಯುತ್ತಲೇ ಇರಲಿಲ್ಲ. ಪುರಸಭೆಗೆ ದೂರು ಹೋಯಿತು. ಯಜಮಾನರು ಒಳ್ಳೆಯ ಮನುಷ್ಯ, ಅಕ್ಕಪಕ್ಕದವರ ಜೊತೆ ಜಗಳ ಬೇಡ ಅನ್ನುವವರು. ನನ್ನ ಹತ್ತಿರ ಬಂದು, "ಮೇಷ್ಟ್ರೇ, ಪೆಟ್ರೋಲ್‌ಗೆ 20 ಪರ್ಸೆಂಟ್ ಎಥನಾಲ್ ಹಾಕ್ತಾ ಇದಾರಂತಲ್ಲ, ನಮ್ಮ ಡೀಸೆಲ್‌ಗೂ ಸ್ವಲ್ಪ ಹಾಕಿ ಹೊಗೆ ಇಳಿಸಿಕೊಡಿ. ಸ್ಪಿರಿಟ್ ಬೇಕಂದ್ರೆ ಫ್ಯಾಕ್ಟ್ರಿಯಿಂದ ನಾನೇ ತರಿಸ್ತೀನಿ," ಅಂದರು.

ಕೇಳಿದ್ದು ಅಸಾಧ್ಯದ್ದೇನಲ್ಲ. ನಮ್ಮ ಕೆಎಸ್‌ಆರ್‌ಟಿಸಿಯೇ ಹಿಂದೆ ಡೀಸೆಲ್‌ಗೆ 7.7% ಎಥನಾಲ್ ಬೆರೆಸಿ ಬಸ್ ಓಡಿಸಿತ್ತು. ಅದು ನನ್ನ ತಲೆಯಲ್ಲಿತ್ತು, ಹಾಗಾಗಿ ಒಪ್ಪಿಕೊಂಡೆ. ಆದರೆ ಆ ಬಸ್‌ಗಳ ಡೀಸೆಲ್‌ಗೆ ಎಥನಾಲ್ ಜೊತೆ, ಎರಡೂ ಬೇರೆಯಾಗದಂತೆ ಹಿಡಿದಿಡುವ ಒಂದು ಸೇರ್ಪಡೆಯನ್ನೂ ಹಾಕುತ್ತಿದ್ದರು. ಆ ಭಾಗಕ್ಕೆ ನಾನು ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ. ಒಂದನ್ನು ಮಾತ್ರ ಶುರುವಿನಲ್ಲೇ ಖಂಡಿತವಾಗಿ ಹೇಳಿದೆ: ಫ್ಯಾಕ್ಟರಿಯಿಂದ ಕ್ಯಾನಿನಲ್ಲಿ ಸ್ಪಿರಿಟ್ ತರಿಸುವುದು ಬೇಡ. ಆಲ್ಕೋಹಾಲ್ ಅಬಕಾರಿ ಇಲಾಖೆಯ ಕೆಳಗೆ ಬರುತ್ತದೆ. ಕಾಲೇಜಿನ ಪರ್ಮಿಟ್ ಮೇಲೆ ಎಷ್ಟು ಸಿಗುತ್ತದೋ ಅಷ್ಟರಲ್ಲೇ ಮಾಡೋಣ. ಈ ಕೆಲಸಕ್ಕೆ ಇಳಿಯುವವರು ಮೊದಲು ಈ ಕಾಗದ ಸರಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ವಿದ್ಯಾರ್ಥಿಗಳು ಸುಮ್ನೆ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತಾರೆ.

ಮೊದಲು ಲ್ಯಾಬ್. ನಮ್ಮದು ಬಹಳ ಕಾಲೇಜುಗಳಲ್ಲಿ ಇರುವಂಥದ್ದೇ ಸಿಂಗಲ್ ಸಿಲಿಂಡರ್ ಎಂಜಿನ್. 5 ಎಚ್‌ಪಿ, 1500 ಆರ್‌ಪಿಎಂ, ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರ್ ಒಳಗೆ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, 17.5. ನಾಲ್ಕು ಜನ ವಿದ್ಯಾರ್ಥಿಗಳು ಕೈಗೆ ಸಿಕ್ಕ ರೆಕ್ಟಿಫೈಡ್ ಸ್ಪಿರಿಟ್‌ನಲ್ಲೇ ಶುರು ಮಾಡಿದರು. ಡೀಸೆಲ್‌ಗೆ ಸುರಿದ ತಕ್ಷಣ ಮಜ್ಜಿಗೆಯಂತೆ ಬೆಳ್ಳಗಾಯಿತು. ರೆಕ್ಟಿಫೈಡ್ ಸ್ಪಿರಿಟ್‌ನಲ್ಲಿ ಸುಮಾರು 5% ನೀರಿರುತ್ತದೆ, ಆ ನೀರು ಆಲ್ಕೋಹಾಲನ್ನು ಡೀಸೆಲ್ ಜೊತೆ ಸೇರಲು ಬಿಡುವುದಿಲ್ಲ. ಆಮೇಲೆ ನೀರು ತೆಗೆದ ಎಥನಾಲ್ ತಂದರು. 10% ಹಾಕಿದರೆ ತಿಳಿಯಾಗಿ ಬೆರೆಯಿತು.

ಇಲ್ಲೇ ಮೊದಲ ಪಾಠ ನಮ್ಮ ಕಣ್ಣೆದುರಿಗೇ ಇತ್ತು, ನಾವು ಗಮನಿಸಲಿಲ್ಲ. ಒಬ್ಬ ಹುಡುಗಿ ಬೆರೆಸಿದ ಇಂಧನದ ಗಾಜಿನ ಜಾರ್ ಒಂದನ್ನು ರಾತ್ರಿ ಕಿಟಕಿ ಪಕ್ಕ ಬಿಟ್ಟು ಹೋಗಿದ್ದಳು. ಜನವರಿ ಚಳಿ. ಬೆಳಿಗ್ಗೆ ನೋಡಿದರೆ ಜಾರಿನಲ್ಲಿ ಎರಡು ಪದರ. "ಸಾರ್, ಆಲ್ಕೋಹಾಲ್ ಮೇಲೆ ಬಂದಿದೆ," ಅಂದಳು. ನಾನು, ಅದು ಡೀಸೆಲ್ ಇರಬೇಕು, ಆಲ್ಕೋಹಾಲ್ ತಳಕ್ಕೆ ಹೋಗಿರುತ್ತದೆ, ಅಂದೆ. ಪೆಟ್ರೋಲ್ ಓದಿ ಬಂದ ಅಭ್ಯಾಸ ಅದು. ಪೆಟ್ರೋಲ್‌ನಲ್ಲಿ ಎಥನಾಲ್ ಬೇರೆಯಾದರೆ ನೀರಿನ ಜೊತೆ ತಳಕ್ಕೇ ಹೋಗುತ್ತದೆ, ಯಾಕಂದ್ರೆ ಪೆಟ್ರೋಲ್ ಹಗುರ. ಡೀಸೆಲ್ ಹಾಗಲ್ಲ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ, ಎಥನಾಲ್ 789 ಗ್ರಾಂ. ಸ್ವಲ್ಪ ನೀರು ಸೇರಿದರೂ ಎಥನಾಲೇ ಹಗುರ. ಅದು ತೇಲುತ್ತದೆ. ಅವಳು ಹೇಳಿದ್ದೇ ಸರಿ. ಬಿಸಿಲು ಏರಿದ ಮೇಲೆ ಜಾರ್ ಅಲ್ಲಾಡಿಸಿದರೆ ಮತ್ತೆ ತಿಳಿಯಾಯಿತು, ನಾವು ಮುಂದಕ್ಕೆ ಹೋದೆವು.

ಎಂಜಿನ್‌ನಲ್ಲಿ ಹಾಕಿದಾಗ ಬಂದದ್ದು ಸಂತೋಷದ ಫಲಿತಾಂಶವೇ. ಲೋಡ್, ಅಂದರೆ ಎಂಜಿನ್ ಎಳೆಯುವ ಭಾರ, ಜಾಸ್ತಿ ಇದ್ದಾಗ ಸ್ಮೋಕ್ ಮೀಟರ್ ಮುಳ್ಳು ಸ್ಪಷ್ಟವಾಗಿ ಕೆಳಗಿಳಿಯಿತು. ಕಾರಣ ಕಷ್ಟದ್ದಲ್ಲ. ಮಸಿ ಹುಟ್ಟುವುದು ಡೀಸೆಲ್ ಸಿಂಪಡಣೆಯ ನಡುಭಾಗದಲ್ಲಿ, ಅಲ್ಲಿ ಇಂಧನ ಜಾಸ್ತಿ, ಗಾಳಿ ಕಡಿಮೆ. ಎಥನಾಲ್ ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಆಮ್ಲಜನಕವೇ ಇರುತ್ತದೆ. ಅಂದರೆ ಗಾಳಿ ತಲುಪದ ಜಾಗಕ್ಕೆ ಇಂಧನವೇ ಆಮ್ಲಜನಕ ಹೊತ್ತು ತರುತ್ತದೆ. ಜೊತೆಗೆ ಹೊತ್ತಿಕೊಳ್ಳುವುದು ಸ್ವಲ್ಪ ತಡವಾಗುತ್ತದೆ, ಅಷ್ಟರಲ್ಲಿ ಇಂಧನ ಗಾಳಿಯ ಜೊತೆ ಇನ್ನಷ್ಟು ಬೆರೆಯುತ್ತದೆ. ಮಸಿ ಕಡಿಮೆಯಾಗುತ್ತದೆ.

ಆದರೆ ಲೋಡ್ ಇಳಿಸಿದರೆ ಚಿತ್ರ ಬದಲಾಯಿತು. ಎಥನಾಲ್ ಆವಿಯಾಗುವಾಗ ಡೀಸೆಲ್‌ಗಿಂತ ಮೂರು ಪಟ್ಟಿನಷ್ಟು ಶಾಖ ಹೀರುತ್ತದೆ. ಕಡಿಮೆ ಲೋಡ್‌ನಲ್ಲಿ ಸಿಲಿಂಡರ್ ಮೊದಲೇ ಅಷ್ಟೇನೂ ಬಿಸಿ ಇರುವುದಿಲ್ಲ, ಇದು ಇನ್ನೂ ತಣ್ಣಗೆ ಮಾಡುತ್ತದೆ. ಅರೆಸುಟ್ಟ ಇಂಧನ, ಅಂದರೆ ಹೈಡ್ರೋಕಾರ್ಬನ್ ಮತ್ತು ಕಾರ್ಬನ್ ಮಾನಾಕ್ಸೈಡ್, ಎರಡೂ ಏರಿದವು. ಲ್ಯಾಬಿನಲ್ಲಿ ಕಣ್ಣು ಉರಿಯುವ ಘಾಟು. ಆಲ್ಕೋಹಾಲ್ ಅರೆಬೆಂದಾಗ ಹುಟ್ಟುವ ಆಲ್ಡಿಹೈಡ್‌ನಿಂದ ಇಂಥ ಘಾಟು ಬರುತ್ತದೆ, ಅದನ್ನು ನಮ್ಮ ಮಾಮೂಲಿ ಐದು ಅನಿಲಗಳ ಅನಲೈಸರ್ ಅಳೆಯುವುದೇ ಇಲ್ಲ. ನೈಟ್ರೋಜನ್ ಆಕ್ಸೈಡ್ ಒಂದು ಲೋಡ್‌ನಲ್ಲಿ ಇಳಿಯಿತು, ಇನ್ನೊಂದರಲ್ಲಿ ಏರಿತು. ತಂಪಾಗುವುದು ಅದನ್ನು ಇಳಿಸುತ್ತದೆ, ತಡವಾಗಿ ಒಮ್ಮೆಲೇ ಹೊತ್ತಿಕೊಳ್ಳುವುದು ಏರಿಸುತ್ತದೆ, ಆ ಕ್ಷಣ ಯಾವುದು ಗೆದ್ದಿತೋ ಅದು. ಎಥನಾಲ್ ಹಾಕಿದರೆ ಎಲ್ಲ ಮಾಲಿನ್ಯವೂ ಇಳಿಯುತ್ತದೆ ಅಂತ ಯಾರಾದರೂ ಬರೆದರೆ ಯಾವ ಲೋಡ್‌ನಲ್ಲಿ ಅಂತ ಕೇಳಿ.

ನಮ್ಮ ಮೀಟರ್ ಓದುಗಳ ಅಂಕಿಗಳನ್ನು ಇಲ್ಲಿ ಬೇಕಂತಲೇ ಹಾಕಿಲ್ಲ. ಒಂದು ಹಳೆಯ ಎಂಜಿನ್‌ನ ಸಂಖ್ಯೆಯನ್ನು ಇನ್ನೊಬ್ಬರು ತಮ್ಮ ಎಂಜಿನ್‌ಗೆ ಹಚ್ಚಿಕೊಳ್ಳುವುದು ಸರಿಯಲ್ಲ. ಲೆಕ್ಕ ಹಾಕಿ ಹೇಳಬಹುದಾದದ್ದು ಒಂದಿದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 35 ಮೆಗಾಜೂಲ್ ಶಕ್ತಿ, ಒಂದು ಲೀಟರ್ ಎಥನಾಲ್‌ನಲ್ಲಿ ಸುಮಾರು 21. ಹಾಗಾಗಿ 10% ಬೆರೆಸಿದರೆ ಲೀಟರಿಗೆ ಸುಮಾರು 4% ಶಕ್ತಿ ಕಡಿಮೆ, 20% ಬೆರೆಸಿದರೆ 8%. ಅದಕ್ಕೆ ತಕ್ಕಂತೆ ಇಂಧನ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ. ಯಜಮಾನರಿಗೆ ಇದನ್ನು ಮೊದಲೇ ಹೇಳಿದೆ. ಪರವಾಗಿಲ್ಲ ಅಂದರು.

ಒಂದು ಶನಿವಾರ, ಛತ್ರದಲ್ಲಿ ಏನೂ ಇಲ್ಲದ ದಿನ, ಜನರೇಟರ್ ಟ್ಯಾಂಕಿಗೆ 36 ಲೀಟರ್ ಡೀಸೆಲ್, 4 ಲೀಟರ್ ಎಥನಾಲ್ ಹಾಕಿ ಮಧ್ಯಾಹ್ನ ಓಡಿಸಿದೆವು. ಫ್ಯಾನು ಲೈಟು ಎಲ್ಲ ಹಾಕಿಸಿ, ಹೀಟರ್‌ಗಳನ್ನೂ ತಂದು ಲೋಡ್ ಏರಿಸಿದೆವು. ಹೊಗೆ ಕಣ್ಣಿಗೇ ಕಾಣುವಷ್ಟು ತಿಳಿಯಾಯಿತು. ಪಕ್ಕದ ಮನೆಯವರು ಮಹಡಿ ಮೇಲೆ ನಿಂತು ನೋಡಿ ಖುಷಿಪಟ್ಟರು. ಎಲ್ಲರಿಗೂ ಕಾಫಿ ಬಂತು. ಸಂಜೆ ನಾವು ಮೀಟರ್ ಸುತ್ತಿಕೊಂಡು ಹೊರಟೆವು. ಟ್ಯಾಂಕಿನಲ್ಲಿ ಅರ್ಧದಷ್ಟು ಇಂಧನ ಹಾಗೇ ಉಳಿದಿತ್ತು. ಅದನ್ನು ಖಾಲಿ ಮಾಡಿಸಿ ಹೋಗಬೇಕಿತ್ತು. ಮಾಡಿಸಲಿಲ್ಲ. ಈ ಪ್ರಕರಣದಲ್ಲಿ ದೊಡ್ಡ ತಪ್ಪು ಯಾವುದು ಅಂತ ಕೇಳಿದರೆ ಇದೇ, ಮತ್ತು ಇದು ನನ್ನದು.

ಮುಂದಿನ ವಾರ ಒಂದು ಮದುವೆ. ಬೆಳಗಿನ ಜಾವವೇ ಕರೆಂಟ್ ಹೋಯಿತು. ಆಪರೇಟರ್ ಗೇಜ್ ನೋಡಿದ, ಇಂಧನ ಇದೆ, ಆನ್ ಮಾಡಿದ. ಮೂರು ಗಂಟೆ ಹತ್ತಿರ ಏನೂ ತೊಂದರೆ ಇಲ್ಲದೆ ಓಡಿತು. ಮುಹೂರ್ತದ ಹೊತ್ತಿಗೆ ಎಂಜಿನ್ ಏದುಸಿರು ಬಿಟ್ಟಂತೆ ಏರಿಳಿಯತೊಡಗಿತು, ಲೈಟುಗಳು ಮಿಣಮಿಣ ಅಂದವು, ನಿಂತೇಹೋಯಿತು. ವಾಲಗಕ್ಕೆ ಕರೆಂಟ್ ಬೇಡವಲ್ಲ, ತಾಳಿ ಕಟ್ಟುವುದು ನಿಲ್ಲಲಿಲ್ಲ. ಆದರೆ ಒಳಗೆ ಸೆಕೆ, ಕತ್ತಲೆ, ಬಂದವರೆಲ್ಲ ಬಾಗಿಲ ಕಡೆ.

ಆಪರೇಟರ್‌ಗೆ ಗೊತ್ತಿದ್ದ ಕೆಲಸವನ್ನೇ ಅವನು ಮಾಡಿದ. ಇಂಧನದ ಪೈಪಿನಲ್ಲಿ ಗಾಳಿ ಸಿಕ್ಕಿ ಏರ್ ಲಾಕ್ ಆಗಿರಬೇಕು ಅಂತ ಬ್ಲೀಡ್ ಮಾಡಿ ಗಾಳಿ ತೆಗೆದ. ಫಿಲ್ಟರ್ ಕೆಳಗಿನ ನೀರಿನ ಬಟ್ಟಲು ತೆಗೆದು ನೋಡಿದ, ನೀರಿಲ್ಲ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಿದ. ನನಗೆ ಫೋನ್ ಮಾಡಿ ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಸಾರ್, ಟ್ಯಾಂಕಿನ ಒಳಗಿಂದ ಆಸ್ಪತ್ರೆ ವಾಸನೆ ಬತ್ತಾ ಐತೆ."

ನಾನು ಸ್ಕೂಟರ್ ತಗೊಂಡು ಓಡಿದೆ. ಹೋಗಿ ನೋಡಿದರೆ ಜನರೇಟರ್ ಕೋಣೆಯ ಬಾಗಿಲು ತೆರೆದಿದೆ. ಟ್ಯಾಂಕಿನ ಮುಚ್ಚಳ ತೆರೆದಿದೆ. ಎಂಜಿನ್, ಸೈಲೆನ್ಸರ್ ಇನ್ನೂ ಸುಡುತ್ತಿವೆ. ನಾಲ್ಕು ಮಾರು ಆಚೆ ಅಡುಗೆಮನೆಯಲ್ಲಿ ದೊಡ್ಡ ಒಲೆಗಳು ಧಗಧಗ ಉರಿಯುತ್ತಿವೆ, ಭಟ್ಟರು ಎಣ್ಣೆಯಲ್ಲಿ ಬೋಂಡ ಬಿಡುತ್ತಿದ್ದಾರೆ. ನನ್ನ ಕೈಕಾಲು ತಣ್ಣಗಾದವು. ಮೊದಲು ಮುಚ್ಚಳ ಹಾಕಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಯಜಮಾನರ ಹತ್ತಿರ ಹೋಗಿ ಒಲೆ ಆರಿಸಲು ಹೇಳಿದೆ. ಯಾರಿಗೂ ಏನೂ ಆಗಲಿಲ್ಲ. ಆ ದಿನ ಏನೂ ಆಗದೇ ಇದ್ದದ್ದು ನಮ್ಮ ಅದೃಷ್ಟ, ನಾವು ತೆಗೆದುಕೊಂಡ ಯಾವ ಎಚ್ಚರಿಕೆಯಿಂದಲೂ ಅಲ್ಲ.

ಎಂಜಿನ್ ಯಾಕೆ ನಿಂತಿತು ಅನ್ನುವುದು ಕಿಟಕಿ ಪಕ್ಕದ ಜಾರ್ ನೆನಪಾದ ಕೂಡಲೇ ಅರ್ಥವಾಯಿತು. ಹಳೆಯ ಟ್ಯಾಂಕಿನ ತಳದಲ್ಲಿ ಒಂದಿಷ್ಟು ನೀರು ಇದ್ದೇ ಇತ್ತು. ರಾತ್ರಿಯ ಚಳಿಗೆ ಎಥನಾಲ್ ಡೀಸೆಲ್‌ನಿಂದ ಬಿಟ್ಟುಕೊಂಡು ಮೇಲೆ ತೇಲಿತು. ಎಂಜಿನ್‌ಗೆ ಇಂಧನ ಹೋಗುವುದು ಟ್ಯಾಂಕಿನ ಕೆಳಗಿಂದ, ಹಾಗಾಗಿ ಮೊದಲ ಮೂರು ಗಂಟೆ ಅದು ಕುಡಿದದ್ದು ಹೆಚ್ಚುಕಡಿಮೆ ಬರೀ ಡೀಸೆಲ್. ಮಟ್ಟ ಇಳಿದ ಮೇಲೆ ಮೇಲಿನ ಪದರ ಪಂಪಿಗೆ ಬಂತು. ಡೀಸೆಲ್‌ನ ಸೀಟೇನ್ ಸಂಖ್ಯೆ, ಅಂದರೆ ಎಷ್ಟು ಸುಲಭವಾಗಿ ತಾನಾಗಿ ಹೊತ್ತಿಕೊಳ್ಳುತ್ತದೆ ಅನ್ನುವ ಅಳತೆ, 50ರ ಆಸುಪಾಸು, ಎಥನಾಲ್‌ದು 10ಕ್ಕಿಂತಲೂ ಕಡಿಮೆ. ಒತ್ತಡದ ಬಿಸಿಗೆ ಅದು ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಎಂಜಿನ್ ನಿಂತಿತು. ತಳದಿಂದ ಸ್ಯಾಂಪಲ್ ತೆಗೆದು ನೋಡಿದ್ದರೂ ಎಲ್ಲ ಸರಿಯಿದೆ ಅಂತಲೇ ಕಾಣುತ್ತಿತ್ತು. ನೀರಿನ ಬಟ್ಟಲು ಹಿಡಿಯುವುದು ತಳಕ್ಕೆ ಇಳಿಯುವುದನ್ನು, ಮೇಲೆ ತೇಲುವುದನ್ನು ಅಲ್ಲ.

ನನಗೆ ನಿದ್ದೆ ಕೆಡಿಸಿದ್ದು ಇನ್ನೊಂದು ವಿಷಯ. ಡೀಸೆಲ್ ಟ್ಯಾಂಕಿನ ಮೇಲಿನ ಖಾಲಿ ಜಾಗದಲ್ಲಿ ಆವಿ ಬಹಳ ಕಡಿಮೆ, ಕಿಡಿ ಬಿದ್ದರೂ ಸಾಮಾನ್ಯವಾಗಿ ಹೊತ್ತುವುದಿಲ್ಲ. ಪೆಟ್ರೋಲ್ ಟ್ಯಾಂಕಿನಲ್ಲಿ ಆವಿ ಎಷ್ಟು ದಟ್ಟ ಅಂದರೆ ಮುಚ್ಚಿದ ಟ್ಯಾಂಕಿನ ಒಳಗೆ ಉರಿಯಲು ಗಾಳಿಯೇ ಸಾಲದು. ಎಥನಾಲ್ ಆವಿ ಎರಡರ ನಡುವೆ ಬರುತ್ತದೆ. ನಮ್ಮ ಊರಿನ ಮಾಮೂಲಿ ಬಿಸಿಲಲ್ಲಿ ಅದು ಸರಿಯಾಗಿ ಉರಿಯುವ ಹದದಲ್ಲೇ ಇರುತ್ತದೆ. ಎಥನಾಲ್‌ನ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ಉಷ್ಣತೆ, 13 ಡಿಗ್ರಿಯ ಹತ್ತಿರ. ಡೀಸೆಲ್‌ಗೆ 10% ಹಾಕಿದರೆ ಫ್ಲ್ಯಾಶ್ ಪಾಯಿಂಟ್ 10% ಮಾತ್ರ ಇಳಿಯುವುದಿಲ್ಲ, ಹೆಚ್ಚುಕಡಿಮೆ ಎಥನಾಲ್‌ದೇ ಆಗಿಬಿಡುತ್ತದೆ. ನಮ್ಮ ದೇಶದ ಪೆಟ್ರೋಲಿಯಂ ನಿಯಮದಲ್ಲಿ 23 ಡಿಗ್ರಿಗಿಂತ ಕಡಿಮೆ ಫ್ಲ್ಯಾಶ್ ಪಾಯಿಂಟ್ ಇದ್ದರೆ ಅದು ಎ ವರ್ಗ, ಪೆಟ್ರೋಲ್ ಇರುವ ವರ್ಗ. ಡೀಸೆಲ್ ಬಿ ವರ್ಗ. ಅಂದರೆ 4 ಲೀಟರ್ ಎಥನಾಲ್ ಸುರಿದು ನಾನು ಅಡುಗೆಮನೆ ಪಕ್ಕದ ಡೀಸೆಲ್ ಟ್ಯಾಂಕನ್ನು ಪೆಟ್ರೋಲ್‌ನಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕಾದ ಟ್ಯಾಂಕ್ ಮಾಡಿದ್ದೆ. ಅದನ್ನು ನೋಡಿಕೊಳ್ಳುವವನಿಗೆ ಒಂದು ಮಾತೂ ಹೇಳಿರಲಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ, ಪಾಠದಲ್ಲಿ ಹೇಳುವ ವಿಷಯವೇ. ಹೊಗೆ ಇಳಿಯುತ್ತದೋ ಇಲ್ಲವೋ ಅನ್ನುವುದರಲ್ಲೇ ಮುಳುಗಿ, ಟ್ಯಾಂಕಿನ ಕಡೆ ಯೋಚನೆಯನ್ನೇ ಹರಿಸಿರಲಿಲ್ಲ.

ಛತ್ರದಲ್ಲಿ ಎಥನಾಲ್ ಪ್ರಯೋಗ ಅವತ್ತಿಗೇ ನಿಂತಿತು. ಯಜಮಾನರಿಗೂ ಮದುವೆಯವರಿಗೂ ನಾನೇ ಹೋಗಿ ತಪ್ಪೊಪ್ಪಿಕೊಂಡೆ. ಟ್ಯಾಂಕ್ ಪೂರ್ತಿ ಇಳಿಸಿ ತೊಳೆಸಿದೆವು. ಆದರೆ ಹೊಗೆಯ ತೊಂದರೆ ಹಾಗೇ ಉಳಿಯಿತಲ್ಲ.

ಆಗ ನಾವು ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆವು: ಈ ಎಂಜಿನ್ ಇಷ್ಟು ಹೊಗೆ ಯಾಕೆ ಬಿಡುತ್ತದೆ? ಏರ್ ಫಿಲ್ಟರ್ ಬಿಚ್ಚಿದರೆ ಒಳಗೆ ಅಡುಗೆಮನೆಯ ಎಣ್ಣೆ ಜಿಡ್ಡು, ಧೂಳು ಸೇರಿ ಕಂಬಳಿಯಂತಾಗಿತ್ತು. ಇಂಜೆಕ್ಟರ್‌ಗಳನ್ನು ಪಂಪ್ ರಿಪೇರಿ ಅಂಗಡಿಗೆ ಒಯ್ದು ಟೆಸ್ಟ್ ಮಾಡಿಸಿದರೆ ಎರಡು ನಾಝಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದ್ದವು. ಎಲ್ಲಕ್ಕಿಂತ ದೊಡ್ಡದು ಲೋಡ್. ಅಷ್ಟು ದೊಡ್ಡ ಸೆಟ್ ತನ್ನ ಶಕ್ತಿಯ ಕಾಲು ಭಾಗವೂ ಕೆಲಸ ಮಾಡುತ್ತಿರಲಿಲ್ಲ. ಹಾಗೆ ಓಡಿಸಿದರೆ ಸಿಲಿಂಡರ್ ಬಿಸಿಯೇರುವುದಿಲ್ಲ, ಅರೆಬೆಂದ ಡೀಸೆಲ್ಲೂ ಮಸಿಯೂ ಸೈಲೆನ್ಸರ್‌ನಲ್ಲಿ ಅಂಟಿ ಕೂರುತ್ತವೆ, ಗ್ರೈಂಡರ್ ಹಾಕಿದ ಕ್ಷಣ ಎಲ್ಲ ಒಟ್ಟಿಗೆ ಹೊರಗೆ ಬರುತ್ತದೆ. ಲ್ಯಾಬಿನಲ್ಲಿ ಎಥನಾಲ್ ಕೈಕೊಟ್ಟದ್ದೂ ಕಡಿಮೆ ಲೋಡ್‌ನಲ್ಲೇ. ಅಂದರೆ ಎಥನಾಲ್‌ಗೆ ತೀರಾ ಒಗ್ಗದ ಜಾಗವನ್ನೇ ನಾವು ಆರಿಸಿಕೊಂಡಿದ್ದೆವು. ಶನಿವಾರದ ಪರೀಕ್ಷೆಯಲ್ಲಿ ಹೊಗೆ ತಿಳಿಯಾಗಲು ಎಥನಾಲ್ ಎಷ್ಟು ಕಾರಣ, ನಾವು ತಂದಿಟ್ಟ ಹೀಟರ್‌ಗಳ ಲೋಡ್ ಎಷ್ಟು ಕಾರಣ ಅನ್ನುವುದನ್ನು ಈಗ ಬಿಡಿಸಿ ಹೇಳಲು ಬರುವುದಿಲ್ಲ, ಯಾಕಂದ್ರೆ ಬರೀ ಡೀಸೆಲ್ ಹಾಕಿ ಅದೇ ಲೋಡ್‌ನಲ್ಲಿ ಮೊದಲು ಅಳೆದಿರಲೇ ಇಲ್ಲ.

ನಾಝಲ್ ಬದಲಾಯಿತು, ಫಿಲ್ಟರ್ ಬದಲಾಯಿತು, ಗಾಳಿ ಎಳೆಯುವ ಪೈಪ್ ಅಡುಗೆಮನೆಯ ಕಡೆಯಿಂದ ಆಚೆ ತಿರುಗಿತು. ರಾತ್ರಿಯ ಸಣ್ಣ ಲೋಡ್‌ಗೆ ಯಜಮಾನರು ಇನ್ನೊಂದು ಚಿಕ್ಕ ಸೆಟ್ ತಂದರು. ದೊಡ್ಡದನ್ನು ಊಟದ ಹೊತ್ತಿಗೆ, ಗ್ರೈಂಡರ್, ನೀರಿನ ಮೋಟಾರ್ ಎಲ್ಲ ಒಟ್ಟಿಗೆ ಇರುವಾಗ ಮಾತ್ರ ಹಾಕುತ್ತಾರೆ. ಬರೀ ಡೀಸೆಲ್‌ನಲ್ಲೇ ಹೊಗೆ ಬಹಳ ಇಳಿಯಿತು. ಪಕ್ಕದ ಮನೆಯ ಕಿಟಕಿ ಈಗ ತೆರೆದಿರುತ್ತದೆ.

ಹಾಗಂತ ಆಲ್ಕೋಹಾಲ್ ದಾರಿ ಮುಚ್ಚಿಹೋಯಿತು ಅಂತ ನಾನು ಹೇಳುವುದಿಲ್ಲ. ಎಂಜಿನ್ನನ್ನೇ ಅದಕ್ಕಾಗಿ ಕಟ್ಟಿದರೆ ಓಡುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 95% ಎಥನಾಲ್‌ಗೆ ಹೊತ್ತಿಸುವ ಸೇರ್ಪಡೆ ಹಾಕಿ ಬಸ್ ಓಡಿಸಿದರು. 2014ರಲ್ಲಿ ನಾಗಪುರಕ್ಕೂ ಅಂಥ ಬಸ್ ಬಂತು. ಆ ಎಂಜಿನ್‌ನ ಕಂಪ್ರೆಷನ್ ಅನುಪಾತ 28, ನಮ್ಮ ಲ್ಯಾಬಿನದು 17.5. ಇದ್ದ ಎಂಜಿನ್‌ಗೆ ಸುರಿಯುವ ಕಥೆ ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರೇ, ಡೀಸೆಲ್‌ಗೆ 10% ಎಥನಾಲ್ ಬೆರೆಸುವ ಪ್ರಯತ್ನ ಕೈಗೂಡಲಿಲ್ಲ, ಈಗ ಐಸೊಬ್ಯುಟನಾಲ್ ಅನ್ನುವ ಇನ್ನೊಂದು ಆಲ್ಕೋಹಾಲ್ ಬೆರೆಸಿ ನೋಡಲಾಗುತ್ತಿದೆ ಅಂದರು.

ನಮ್ಮ ಲ್ಯಾಬೂ ಬ್ಯುಟನಾಲ್ ಕಡೆ ತಿರುಗಿತು. ನಾವು ಬಳಸುವುದು ನಾರ್ಮಲ್ ಬ್ಯುಟನಾಲ್. ಅದೂ ಆಲ್ಕೋಹಾಲೇ, ಆದರೆ ಡೀಸೆಲ್ ಜೊತೆ ಸಲೀಸಾಗಿ ಬೆರೆಯುತ್ತದೆ. ಫ್ಲ್ಯಾಶ್ ಪಾಯಿಂಟ್ 35 ಡಿಗ್ರಿಯ ಆಸುಪಾಸು, ನಮ್ಮ ಡೀಸೆಲ್‌ಗೆ ಇರಲೇಬೇಕಾದ ಕನಿಷ್ಠ ಮಿತಿಯೂ ಅಷ್ಟೇ. ಆಮ್ಲಜನಕ ಎಥನಾಲ್‌ಗಿಂತ ಕಡಿಮೆ, ಹಾಗಾಗಿ ಅದೇ ಪ್ರಮಾಣಕ್ಕೆ ಹೊಗೆ ಇಳಿಯುವುದೂ ಸ್ವಲ್ಪ ಕಡಿಮೆ. ಬೆಲೆ ಜಾಸ್ತಿ, ವಾಸನೆ ಗಾಢ. ಆದರೆ ಕಳೆದ ಚಳಿಗಾಲ ಪೂರ್ತಿ ಜಾರ್ ಕಿಟಕಿ ಪಕ್ಕ ಇತ್ತು, ಒಂದು ದಿನವೂ ಎರಡು ಪದರ ಆಗಲಿಲ್ಲ.

ಈಗ ಕೆಲಸ ಮಾಡುವ ರೀತಿಯೂ ಬದಲಾಗಿದೆ. ಮೊದಲ ವಾರ ಬರೀ ಡೀಸೆಲ್, ಎಲ್ಲ ಲೋಡ್‌ನಲ್ಲೂ ಓದು ತೆಗೆದ ಮೇಲೆಯೇ ಬೆರಕೆ. ಟ್ಯಾಂಕಿನ ಮೇಲಿನಿಂದ, ನಡುವಿನಿಂದ, ತಳದಿಂದ ಮೂರು ಸ್ಯಾಂಪಲ್. ಪ್ರಯೋಗ ಮುಗಿದ ಸಂಜೆ ಟ್ಯಾಂಕ್ ಖಾಲಿ ಮಾಡಿ ಸಹಿ ಹಾಕಿದ ಮೇಲೆಯೇ ಹುಡುಗರು ಮನೆಗೆ. ಛತ್ರದ ಆಪರೇಟರ್‌ನನ್ನು ಕರೆಸಿ ವಿದ್ಯಾರ್ಥಿಗಳ ಮುಂದೆ ಆ ಬೆಳಗಿನ ವಿಷಯ ಹೇಳಿಸಿದೆ, ಅವನು ನನಗಿಂತ ಚೆನ್ನಾಗಿ ಹೇಳಿದ. ಬ್ಯುಟನಾಲ್ ಹಾಕಿ ಓಡಿಸುತ್ತಿರುವ ಎಂಜಿನ್‌ನ ಪಂಪನ್ನು ಈ ಸೆಮಿಸ್ಟರ್ ಕೊನೆಗೆ ಬಿಚ್ಚುತ್ತೇವೆ. ಡೀಸೆಲ್‌ಗಿರುವ, ಸವೆತ ತಡೆಯುವ ಜಿಡ್ಡು ಆಲ್ಕೋಹಾಲ್‌ಗೆ ಇಲ್ಲ, ಪಂಪಿನೊಳಗೆ ಇಂಧನ ಒತ್ತುವ ಪ್ಲಂಜರ್ ಎಷ್ಟು ಸವೆದಿದೆ ಅಂತ ನೋಡಬೇಕು.